ಮಹದೇವು ಮುಚ್ಚಿದ ಎಡಗಣ್ಣು

ಬೆಳಕವಾಡಿಯ ಮಹದೇವುವಿಗೆ ಈ ಲೋಕದಲ್ಲಿ ಎರಡೇ ಎರಡು ಶತ್ರು. ಒಂದು, ಗಡಿಯಾಚೆಯ ಸೈನ್ಯ. ಅವರ ಹೆಸರು ಇವನಿಗೆ ಗೊತ್ತಿರಲಿಲ್ಲ, ಇವನ ಹೆಸರು ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಇವನು ಪೆನ್ಷನ್ ತಗೊಂಡು ಊರಿಗೆ ಬಂದ ಮೇಲೆ ಆ ಹಗೆ ತಾನಾಗಿಯೇ ತಣ್ಣಗಾಯಿತು. ಇನ್ನೊಂದು, ಮದ್ದೂರಿನ ಪಕ್ಕದ ವೈದ್ಯನಾಥಪುರದ ಪುಟ್ಟಸ್ವಾಮಿ. ಅವನೂ ಮಾಜಿ ಸೈನಿಕ. ಇವನ ಕಡೆಯ ಸೈನ್ಯದವನೇ, ಇವನ ಜಿಲ್ಲೆಯವನೇ. ಆ ಹಗೆ ಮಾತ್ರ ಮುದ್ದೆಗಿಟ್ಟ ಎಸರಿನ ಹಾಗೆ ವರ್ಷಪೂರ್ತಿ ಕೊತಕೊತ ಕುದಿಯುತ್ತಲೇ ಇತ್ತು.

ಸೇನೆಗೆ ಸೇರುವ ಮೊದಲು ಮಹದೇವು ಮಳವಳ್ಳಿ ತಾಲೂಕಿಗೇ ಹೆಸರಾದ ಕಬಡ್ಡಿ ಆಟಗಾರ. ಅವನು ಗೆರೆ ದಾಟಿ ಬಂದನೆಂದರೆ ಎದುರು ಟೀಮಿನವರು ಮುಟ್ಟಿಸಿಕೊಳ್ಳುವ ಮೊದಲೇ ಔಟಾಗಿ ಹೊರಗೆ ನಿಂತು ನೀರು ಕುಡಿಯುತ್ತಿದ್ದರಂತೆ. ಒಂದು ಸಲ ಉಸಿರು ಹಿಡಿದು ‘ಕಬಡ್ಡಿ ಕಬಡ್ಡಿ’ ಅನ್ನುತ್ತಾ ಕಣ ದಾಟಿ, ರಸ್ತೆ ದಾಟಿ, ಶಿವನಸಮುದ್ರದ ತನಕ ಓಡಿ, ನೀರು ಬೀಳುವುದನ್ನು ನೋಡಿಕೊಂಡು, ಅದೇ ಉಸಿರಿನಲ್ಲಿ ವಾಪಸು ಬಂದು ಗೆರೆ ಮುಟ್ಟಿದ ಅಂತ ಹೇಳುವವರು ಬೆಳಕವಾಡಿಯಲ್ಲಿ ಇದ್ದಾರೆ. ಹೇಳುವವರಲ್ಲಿ ಕಣ್ಣಾರೆ ಕಂಡವರು ಯಾರೂ ಇಲ್ಲ. ಅನುಮಾನ ಪಟ್ಟವರೂ ಯಾರೂ ಇಲ್ಲ.

ಆ ಓಟ ಈಗಿಲ್ಲ. ಎಡಸೊಂಟದ ಕೆಳಗೆ ಗುಂಡು ಹೊಕ್ಕು ಮೂಳೆ ಚೂರು ಮಾಡಿಕೊಂಡು ಹೋಗಿತ್ತು. ಈಗ ಅವನು ಬಸ್ಸಿಗೆ ಹೊರಟರೆ ಬಲಗಾಲು ಮುಂದಾಗಿ ಹೋಗಿ ಸ್ಟಾಪಿನಲ್ಲಿ ಕಾಯುತ್ತದೆ, ಎಡಗಾಲು ಪುರುಸೊತ್ತಾದಾಗ ಬರುತ್ತದೆ. ಗುಂಡು ಹೊಡೆದವನ ಮೇಲೆ ಮಹದೇವುವಿಗೆ ಅಂಥಾ ಸಿಟ್ಟಿಲ್ಲ. ಅವನ ಕೆಲಸವೇ ಅದು. ಸಿಟ್ಟೆಲ್ಲ ದೀಪ ಹಿಡಿದು ತೋರಿಸಿಕೊಟ್ಟವನ ಮೇಲೆ.

ಆ ದೀಪದ ಕತೆ ಇಷ್ಟು. ಫಿರಂಗಿಯ ಗುಂಡುಗಳಲ್ಲಿ ಕೊಲ್ಲುವುದಕ್ಕಲ್ಲದೆ ಬರೀ ತೋರಿಸುವುದಕ್ಕೆ ಅಂತಲೇ ಒಂದು ಜಾತಿ ಇದೆ. ಹಾರಿಬಿಟ್ಟರೆ ಆಕಾಶದಲ್ಲಿ ಹೋಗಿ ಒಡೆಯುತ್ತದೆ. ಒಳಗಿಂದ ಒಂದು ಪ್ಯಾರಾಚೂಟು ಬಿಚ್ಚಿಕೊಳ್ಳುತ್ತದೆ, ಅದಕ್ಕೆ ನೇತುಬಿದ್ದ ಮದ್ದಿನ ದೊಂದಿಯೊಂದು ಧಗಧಗ ಉರಿಯುತ್ತಾ, ತೂಗಾಡುತ್ತಾ, ಅವಸರವಿಲ್ಲದ ಅತ್ತೆಯ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಅದು ಇಳಿದು ಆರುವಷ್ಟು ಹೊತ್ತು ಕೆಳಗಿನ ಬೆಟ್ಟವೆಲ್ಲ ಬಟಾಬಯಲು. ದೊಂದಿ ತೂಗಿದಂತೆಲ್ಲ ನೆರಳುಗಳೂ ತೂಗುವುದರಿಂದ ನಿಂತ ಬಂಡೆಗಳೂ ಎದ್ದು ನಡೆಯುತ್ತಿರುವ ಹಾಗೆ ಕಾಣುತ್ತವೆ. ಅದನ್ನು ಶತ್ರುವಿನ ತಲೆಯ ಮೇಲೋ ಬೆನ್ನ ಹಿಂದೋ ಹಚ್ಚಿದರೆ ಶತ್ರು ಕಾಣುತ್ತಾನೆ. ನಮ್ಮವರ ಬೆನ್ನ ಹಿಂದೆ ಹಚ್ಚಿದರೆ ನಮ್ಮವರು ಸಂತೆಯ ಗುಡ್ಡೆಯಲ್ಲಿ ಜೋಡಿಸಿಟ್ಟ ತೆಂಗಿನಕಾಯಿಗಳ ಹಾಗೆ ಕಾಣುತ್ತಾರೆ. ಶತ್ರು ಆರಿಸಿಕೊಳ್ಳುವುದಷ್ಟೇ ಬಾಕಿ.

ಮಹದೇವು ಇದ್ದ ತುಕಡಿ ಅಂಥದ್ದೊಂದು ಇಳಿಜಾರನ್ನು ಹತ್ತುತ್ತಿದ್ದಾಗ ದಿಬ್ಬದಾಚೆಗೆ ಬೆಳಕು ಬೇಕೆಂದು ಕೇಳಿದ್ದರು. ಬೆಳಕು ಬಂತು. ಆದರೆ ದಿಬ್ಬದಾಚೆ ಇಳಿಯುವ ಬದಲು ಇವರ ತಲೆಯ ಮೇಲೆ ಹಾದು ಬಂದು ಇವರ ಬೆನ್ನ ಹಿಂದೆ ತೂಗುತ್ತಾ ಇಳಿಯಿತು. ಹಾಗೆ ಬೆಳಕು ಬಿದ್ದಾಗ ಕಾಲಾಳು ಮಾಡಬೇಕಾದದ್ದು ಎರಡೇ. ಇದ್ದಲ್ಲೇ ಕಲ್ಲಾಗಬೇಕು; ಅಲುಗಿದವನು ಮೊದಲು ಕಾಣುತ್ತಾನೆ. ಮತ್ತೆ, ಒಂದು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ಮುಚ್ಚಿದ ಕಣ್ಣು ಕತ್ತಲೆಯನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಬೆಳಕು ಆರಿದ ಮೇಲೆ ತೆರೆದಿದ್ದ ಕಣ್ಣು ಕುರುಡಾಗಿ ತಡಕಾಡುವಾಗ, ಆ ಮುಚ್ಚಿದ್ದ ಕಣ್ಣೇ ದಾರಿ ತೋರಿಸಬೇಕು. ಮಹದೇವು ಒಂದು ಕಾಲೆತ್ತಿದವನು ಹಾಗೇ ಕೊಕ್ಕರೆಯಂತೆ ನಿಂತ, ಎಡಗಣ್ಣು ಮುಚ್ಚಿದ. ಒಂದು ದೊಂದಿ ಆರುವ ಹೊತ್ತಿಗೆ ಇನ್ನೊಂದು ಬಂತು. ಗುಂಡು ಬಂದು ಸೊಂಟಕ್ಕೆ ಹೊಕ್ಕಾಗಲೂ ಅವನು ಅಲುಗಲಿಲ್ಲ, ಕಣ್ಣೂ ಬಿಡಲಿಲ್ಲ. ಅಲುಗದೆ ಇದ್ದದ್ದಕ್ಕೇ ಎರಡನೆಯ ಗುಂಡು ಬರಲಿಲ್ಲ ಅಂತ ಅವನ ನಂಬಿಕೆ.

ಆವತ್ತಿನಿಂದ ಈ ಎರಡೂ ಅವನ ಮೈಗೆ ಅಂಟಿಕೊಂಡವು. ತಲೆಯ ಮೇಲೆ ಧಿಗ್ಗನೆ ಬೆಳಕು ಬಿದ್ದರೆ ಸಾಕು, ಮಹದೇವು ಕಲ್ಲು, ಎಡಗಣ್ಣು ಬಂದ್. ಬೆಳಕು ಆರುವ ತನಕ ಬಿಡುಗಡೆ ಇಲ್ಲ. ದೀಪಾವಳಿ ಬಂದರೆ ಹೆಂಡತಿ ಯಶೋದಮ್ಮ ಅವನನ್ನು ಒಳಕೋಣೆಗೆ ಕಳಿಸಿ ಭತ್ತದ ಮೂಟೆಗಳ ಕಡೆ ಮುಖ ಮಾಡಿ ಕೂರಿಸಿ ಬಾಗಿಲು ಹಾಕುತ್ತಿದ್ದಳು. ಹೊರಗಿನವರಿಗೆ ಯಾರಿಗೂ ಇದು ಗೊತ್ತಿರಲಿಲ್ಲ. ಮಾಜಿ ಯೋಧ ಪಟಾಕಿಗೆ ಹೆದರುತ್ತಾನೆ ಅಂತ ಊರವರು ಆಡಿಕೊಳ್ಳುವುದನ್ನು ಯಾವ ಹೆಂಡತಿ ತಾನೇ ಸಹಿಸುತ್ತಾಳೆ?

ಪುಟ್ಟಸ್ವಾಮಿಯ ಪರಿಚಯವಾದದ್ದು ಮದ್ದೂರಿನ ಒಂದು ಹೋಟೆಲಿನಲ್ಲಿ. ಮಹದೇವು ವಡೆ ಮುರಿದು ಬಾಯಿಗೆ ಇಡುತ್ತಿದ್ದ. ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಎತ್ತರದ ಆಳು ಐದಾರು ಜನರನ್ನು ಸುತ್ತ ಕೂರಿಸಿಕೊಂಡು ಭಾಷಣ ಬಿಗಿಯುತ್ತಿದ್ದ. ಪುಟ್ಟಸ್ವಾಮಿ ಮಾತಿಗೆ ಕೂತನೆಂದರೆ ಮದ್ದೂರಿನಲ್ಲಿ ರೈಲು ಸಿಗ್ನಲ್ ಬಿದ್ದ ಮೇಲೂ ನಿಂತು ಕೇಳಿಸಿಕೊಂಡು ಹೋಗುತ್ತದೆ.

“ನಾನು ಬುಟ್ಟೆ ನೋಡಿ ಲೂಮಿನೇಸನ್ ಸೆಲ್ಲು! ರಾತ್ರಿ ಅನ್ನೋದು ಅಗಲಾಗೋಯ್ತು. ಬೆಟ್ಟದ ಮ್ಯಾಲೆ ಇರುವೆ ಓಡಾಡುದ್ರೂ ಗಂಡೋ ಎಣ್ಣೋ ಯೋಳ್ಬೋದಿತ್ತು. ಕೋಳಿ ಕೂಗ್ಬುಟ್ಟೋ ಕಣ್ರಲಾ.”

“ಈಗೆಲ್ಲಾ ಅದು ಓಬೀರಾಯನ ಕಾಲದ್ದಾಯ್ತು ಬುಡಣ್ಣ,” ಅಂದ ಒಬ್ಬ. “ಡ್ರೋನು ಮೈಬಿಸಿ ನೋಡ್ಕಂಡೇ ಮನುಸನ್ನ ಉಡುಕ್ತದಂತೆ.”

“ಡ್ರೋನ್ ಬಂದ್ರೇನ್ಲಾ? ಟೀವಿ ನೋಡು, ಈಗ್ಲೂ ಯುದ್ದ ನಡೆಯೋ ಕಡೆ ಊರ್ ಮ್ಯಾಲೆ ತೂಗಾಡ್ಕಂಡು ಇಳೀತವೆ. ಅಗ್ಗ, ಬ್ಯಾಟ್ರಿ ಬ್ಯಾಡ, ಮಳೆ ಬಂದ್ರೂ ಉರೀತದೆ. ಅಲ್ದೆ ಬರಿಗಣ್ಗೆ ಕಾಣ್ದೆ, ಕನ್ನಡಕ ಆಕ್ಕಂಡೋನ್ಗೆ ಮಾತ್ರ ಕಾಣೋ ಬೆಳಕಿನ ಸೆಲ್ಲೂ ಬಂದದೆ ಈಗ.”

“ಕಾಣ್ದೆ ಇರೋ ಬೆಳಕಾ? ನಮ್ಮೂರ್ ಬೀದಿ ದೀಪ ಅಂಥದ್ದೇ ಕಣಣ್ಣ!”

ಎಲ್ಲರೂ ನಕ್ಕರು. ಮಹದೇವು ನಗಲಿಲ್ಲ. ಅವನು ಎದ್ದು ಹೋಗಿ, ಆ ಬೆಟ್ಟ ಯಾವುದು, ಆ ರಾತ್ರಿ ಯಾವುದು, ಅಂತ ಕೇಳಿದ. ಪುಟ್ಟಸ್ವಾಮಿ ಹೆಮ್ಮೆಯಿಂದ ಹೇಳಿದ. ಬೆಟ್ಟ ಅದೇ. ರಾತ್ರಿಯೂ ಅದೇ. ಆಮೇಲೆ ಮಹದೇವುವಿನ ಕೈಯಲ್ಲಿದ್ದ ಚಟ್ನಿಯ ಬಟ್ಟಲು ಪುಟ್ಟಸ್ವಾಮಿಯ ಮುಖದ ಮೇಲೆ ಹೇಗೆ ಹೋಗಿ ಕೂತಿತು ಅನ್ನುವುದನ್ನು ನೋಡಿದವರು ನಾನಾ ವಿಧವಾಗಿ ಹೇಳುತ್ತಾರೆ.

“ನನ್ ಬೆನ್ನಿಂದೆ ದೀಪ ಅಚ್ಚಿದ್ ಪೆಟ್ರೋಮ್ಯಾಕ್ಸು ನೀನೇಯೇನ್ಲಾ!”

“ಕೇಳಿದ್ ಕಡೀಕೇ ಬುಟ್ಟಿವ್ನಿ ಕಣ್ಲಾ! ಗಾಳಿ ತಳ್ಕಂಡ್ ಬಂದ್ರೆ ನಾನೇನ್ ಮಾಡ್ಲಿ? ಗಾಳೀಗ್ ಮೂಗುದಾರ ಆಕಕ್ಕಾದದ?”

“ಗಾಳಿ ಅಂತೆ ಗಾಳಿ! ಕೈ ನಡುಗಿರ್ಬೇಕು ನಿಂಗೆ.”

ಪುಟ್ಟಸ್ವಾಮಿ ಚಟ್ನಿ ಒರೆಸಿಕೊಳ್ಳದೆಯೇ ನಿಂತ. ಫಿರಂಗಿಯವನಿಗೆ ಕೈ ನಡುಗಿತು ಅನ್ನುವುದು, ಅಡುಗೆ ಭಟ್ಟನಿಗೆ ಅನ್ನ ಹಳಸಿತು ಅಂದಹಾಗೆ. ಅಲ್ಲಿಂದಾಚೆಗೆ ಒಬ್ಬ ಕಂಡಲ್ಲಿ ಇನ್ನೊಬ್ಬ ಉಗಿಯುತ್ತಿದ್ದ. ಇವನು ಅವನನ್ನು ಪೆಟ್ರೋಮ್ಯಾಕ್ಸು ಅಂದ, ಅವನು ಇವನನ್ನು ಕುಂಟ ಕಬಡ್ಡಿ ಅಂದ. ಮದ್ದೂರಿನಿಂದ ಮಳವಳ್ಳಿಯ ತನಕ ಇವೆರಡೇ ಹೆಸರು ಚಾಲ್ತಿಗೆ ಬಂದವು.

ಹೀಗಿರುವಾಗ ಯಶೋದಮ್ಮನ ತಮ್ಮ ಶಶಿಧರನ ಮಗಳು ವೀಣಳಿಗೆ ಮದುವೆ ಗೊತ್ತಾಯಿತು. ಶಶಿಧರ್ ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಎದುರಿಗೆ ಇಲಿ ಬಂದರೂ ದಾರಿ ಬಿಟ್ಟು ನಿಲ್ಲುವಷ್ಟು ಮೆದು. ಗಂಡು ವೈದ್ಯನಾಥಪುರದವನು. ಮದುವೆ ಮದ್ದೂರಿನ ಮಂಟಪದಲ್ಲಿ. ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಧಾರೆ.

“ಪಟಾಕಿ ಗಿಟಾಕಿ ಬ್ಯಾಡ ಕಣಪ್ಪ, ನಿಮ್ ಬಾವುಂಗೆ ಆಗಲ್ಲ,” ಅಂತ ಯಶೋದಮ್ಮ ತಮ್ಮನಿಗೆ ಹೇಳಿದ್ದಳು. ಶಶಿಧರ್ ಹೂಂ ಅಂದಿದ್ದ. ಆದರೆ ಗಂಡಿನ ಕಡೆಯವರು ಎರಡು ಗೋಣಿಚೀಲ ಪಟಾಕಿ ತಂದಿಳಿಸಿದಾಗ ಬೇಡ ಅನ್ನಲು ಹೆಣ್ಣಿನ ತಂದೆಗೆ ಬಾಯಿ ಎಲ್ಲಿಂದ ಬರಬೇಕು?

ಮೊದಮೊದಲು ಸರಗಳು, ಹೂಕುಂಡಗಳು. ಅವು ನೆಲದ ಮಟ್ಟದವು. ಮಹದೇವು ಹಲ್ಲುಕಚ್ಚಿ ಸಹಿಸಿಕೊಂಡ. ಮಂಟಪದ ಮುಂದಿನ ಬಯಲಿನಲ್ಲಿ ಕುರ್ಚಿಗಳ ಸಾಲಿನ ನಡುವೆ ಎಲೆ ಮಡಿಸಿ ಬಾಯಿಗೆ ಇಡುತ್ತಾ ನಡೆದು ಬರುತ್ತಿದ್ದ. ಆಗ ಯಾರೋ ಒಂದು ಉದ್ದನೆಯ ಬಾಣಕ್ಕೆ ಕಿಡಿ ಮುಟ್ಟಿಸಿದರು. ಅದು ಸುಯ್ಯೆಂದು ಮೇಲೆ ಹೋಗಿ ಒಡೆದು, ಪುಟ್ಟ ಪ್ಯಾರಾಚೂಟು ಬಿಚ್ಚಿಕೊಂಡು, ಬೆಳ್ಳಗೆ ಉರಿಯುತ್ತಾ ತೂಗಾಡುತ್ತಾ ಇಳಿಯತೊಡಗಿತು. ಜನ ಕತ್ತೆತ್ತಿ “ಓ” ಅಂದರು.

ಮಹದೇವು ಕಲ್ಲಾದ. ಬಲಗಾಲು ಮುಂದೆ, ಎಲೆ ಹಿಡಿದ ಕೈ ತುಟಿಯ ಹತ್ತಿರ, ಎಡಗಣ್ಣು ಗಟ್ಟಿಯಾಗಿ ಮುಚ್ಚಿ, ಬಲಗಣ್ಣು ನೇರ ಮುಂದಕ್ಕೆ. ಆ ನೇರಕ್ಕೆ, ಎರಡು ಮಾರು ದೂರದ ಕುರ್ಚಿಯಲ್ಲಿ ಕೂತಿದ್ದವಳು ಕುಸುಮ. ಗಂಡಿನ ಸೋದರಮಾವ ನಾಗರಾಜುವಿನ ಹೆಂಡತಿ. ನವಿಲು ಬಣ್ಣದ ರೇಷ್ಮೆ ಸೀರೆ, ಮುಡಿದಿದ್ದ ಮಲ್ಲಿಗೆ ಒಂದು ಹಿತ್ತಲಿನದ್ದಷ್ಟು. ಬಾಣ ನೋಡಲು ಕತ್ತೆತ್ತಿದವಳಿಗೆ ಕಂಡದ್ದು ಬಾಣವಲ್ಲ, ತನ್ನನ್ನೇ ನೋಡುತ್ತಾ ಕಣ್ಣು ಹೊಡೆದು ನಿಂತಿರುವ ಒಬ್ಬ ಗಂಡಸು.

ಲೋಕದಲ್ಲಿ ಕಣ್ಣು ಹೊಡೆಯುವವರು ಹೊಡೆದು ಬಿಡುತ್ತಾರೆ. ಹೊಡೆದು ಹಾಗೇ ಹಿಡಿದುಕೊಳ್ಳುವವನನ್ನು ಮಂಡ್ಯ ಜಿಲ್ಲೆ ಅದುವರೆಗೆ ಕಂಡಿರಲಿಲ್ಲ.

“ಅಯ್ಯಯ್ಯೋ! ನೋಡಿ ಇಲ್ಲಿ, ಈ ಮೂದೇವಿ ನಂಗೆ ಕಣ್ ಒಡೀತಾ ನಿಂತವ್ನೆ!” ಕುಸುಮಳ ಕೂಗಿಗೆ ಓಲಗದವರು ಊದುವುದು ನಿಲ್ಲಿಸಿದರು.

ನಾಗರಾಜು ಶಿವನಸಮುದ್ರದ ಪಕ್ಕದ ಬ್ಲಫ್ ಅನ್ನುವ ಊರಿನ ಕರೆಂಟು ಆಫೀಸಿನವನು. ಅವನ ಮೀಸೆಯ ಒಂದು ತುದಿ ಮನೆಬಾಗಿಲು ದಾಟಿ ಹೊರಗೆ ಬಂದರೆ, ಅವನು ಬರುವ ತನಕ ಜನ ಆ ತುದಿಯ ಜೊತೆಯಲ್ಲೇ ಮಾತಾಡಿಕೊಂಡಿರುತ್ತಿದ್ದರು. ಎರಡು ನೆಗೆತಕ್ಕೆ ಬಂದವನು ಮಹದೇವುವಿನ ಕೊರಳಪಟ್ಟಿ ಹಿಡಿದ.

“ಯಾರ್ಲಾ ನೀನು? ಬುಡ್ಲಾ ಕಣ್ಣ!”

ಮಹದೇವು ಬಿಡಲಿಲ್ಲ. ಮೇಲೆ ಬೆಳಕು ಇನ್ನೂ ಉರಿಯುತ್ತಿತ್ತು.

“ನನ್ ಎದುರ್ಗೇ? ನಾನ್ ಕೊರಳ್ಪಟ್ಟಿ ಇಡ್ಕಂಡ್ ಮ್ಯಾಲೂವೆ?” ನಾಗರಾಜು ಅಲ್ಲಾಡಿಸಿದ. ಮಹದೇವು ಬೀಸುವ ಕಲ್ಲಿನ ಹಾಗೆ ಬುಡಸಮೇತ ಅಲ್ಲಾಡಿದನೇ ಹೊರತು ಕೈಯಲ್ಲಿದ್ದ ಎಲೆ ಕೂಡ ಬೀಳಲಿಲ್ಲ. ಬಾಣ ಆರಿತು. ಮಹದೇವು ಕಣ್ಣು ಬಿಟ್ಟ, ಎಲೆಯನ್ನು ಬಾಯಿಗಿಟ್ಟ. “ಏನಾಯ್ತು?” ಅಂದ.

ಆ ಒಂದು ಮಾತಿಗೆ ಬಿದ್ದ ಏಟು ಅವನ ಬಾಯಿಯಿಂದ ಎಲೆಯನ್ನು ಮದ್ದೂರು ಕೆರೆಯ ಕಡೆಗೆ ಕಳಿಸಿತು.

ಆಮೇಲೆ ಎರಡೂ ಕಡೆಯವರು ಸೇರಿದರು. ಮಹದೇವು ತುಟಿಯ ರಕ್ತ ಒರೆಸಿಕೊಂಡು, ಇದ್ದದ್ದನ್ನು ಇದ್ದಹಾಗೆ ಹೇಳಿದ. ಯುದ್ಧ, ಬೆಳಕಿನ ಗುಂಡು, ಕಲ್ಲಾಗುವುದು, ಒಂದು ಕಣ್ಣು ಮುಚ್ಚುವುದು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

“ಕಣ್ ಒಡಿಯಕ್ಕೂ ಮಿಲ್ಟ್ರೀಲಿ ಟ್ರೈನಿಂಗ್ ಕೊಟ್ಟಿದ್ರಂತೆ ಕಣ್ರಪ್ಪೋ!”

“ದಿಟ ಕಣಣ್ಣ,” ಯಶೋದಮ್ಮ ನಾಗರಾಜುವಿನ ಮುಂದೆ ಬಂದಳು. “ದೀಪಾವಳಿ ಬಂದ್ರೆ ಒಳೀಕೆ ಕೂಡಾಕ್ತೀನಿ ನಾನು ಇವ್ರನ್ನ.”

“ಕೂಡಾಕ್ತೀಯಾ? ಅಂಗಾದ್ರೆ ಮೊದ್ಲಿಂದ್ಲೂ ಇದೇ ಚಾಳಿ ಅನ್ನು,” ಅಂದ ನಾಗರಾಜು. “ಕೇಳ್ರಪ್ಪ ಎಲ್ರೂ. ಈವಯ್ಯ ನಮ್ಮೋಳ ಕಾಲ್ಗೆ ಬಿದ್ದು ತಪ್ಪಾಯ್ತು ಅನ್ಬೇಕು. ಇಲ್ದಿದ್ರೆ ನಾಳೀಕೆ ಧಾರೆಗೆ ಸೋದರಮಾವ ಇರಾಕಿಲ್ಲ. ಸೋದರಮಾವ ಇಲ್ದೆ ಗಂಡು ಎಂಗೆ ಅಸೆಮಣೆ ಅತ್ತಾನೋ ನೋಡ್ತೀನಿ. ಬೀಗರೂಟನೂ ಇಲ್ಲ, ಬಾಡೂ ಇಲ್ಲ. ಗಂಟ್ಮೂಟೆ ಕಟ್ರಿ.”

ಗಂಡಿನ ತಾಯಿ ಆಗಲೇ ಬೆಳ್ಳಿ ತಟ್ಟೆಗಳನ್ನು ಎತ್ತಿ ಚೀಲಕ್ಕೆ ಹಾಕತೊಡಗಿದಳು. ಶಶಿಧರ್ ಭಾವನ ಕೈ ಹಿಡಿದ.

“ಬಾವ, ಬಿದ್ಬುಡಿ ಬಾವ. ನಿಮ್ ಬದ್ಲು ನಾನೇ ಬೀಳ್ಲಾ?”

“ಮಾಡಿದ್ ತಪ್ಪಿಗಾದ್ರೆ ಕಾಲೇನು, ಅವ್ರ ಚಪ್ಲಿ ಬುಡುವ್ ಜಾಗ್ದಲ್ಲೂ ಮಲೀಕೊತೀನಿ. ಮಾಡ್ದೆ ಇದ್ದುದ್ಕೆ ಬಗ್ಗಲ್ಲ ಕಣೋ. ಗುಂಡ್ಗೇ ಬಗ್ನಿಲ್ಲ ನಾನು.”

ಗುಂಪಿನಲ್ಲಿ ಯಾರೋ ಒಬ್ಬರಿಗೆ ಆಗ ನೆನಪಾಯಿತು. “ನಮ್ಮೂರ್ ಪುಟ್ಟಸ್ವಾಮಿ ಬಂದವ್ನಲ್ಲ, ಅವ್ನೂ ಮಿಲ್ಟ್ರಿಯೋನೆ. ಅವ್ನುನ್ನೇ ಕೇಳುದ್ರಾಯ್ತು. ಇವ್ನು ಯೋಳೋದು ದಿಟವೋ ಸಟೆಯೋ ಗೊತ್ತಾಯ್ತದೆ.”

ಪುಟ್ಟಸ್ವಾಮಿ ಗಂಡಿನ ಮನೆಯ ನೆರೆಯವನಾಗಿ ಮದುವೆಗೆ ಬಂದು ಮೊದಲ ಪಂಕ್ತಿಯಲ್ಲೇ ಕೂತಿದ್ದ. ಎಲೆಯಲ್ಲಿ ಒಂದಗುಳೂ ಬಿಡದೆ ಎದ್ದು, ಕೈ ತೊಳೆದು, ಪಂಚೆಯ ಅಂಚಿಗೆ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತಾ ಬಂದ. ಅವನು ಅಷ್ಟು ಸಾವಕಾಶವಾಗಿ ಕೈ ಒರೆಸಿಕೊಂಡದ್ದನ್ನು ಹಿಂದೆ ಯಾರೂ ನೋಡಿರಲಿಲ್ಲ. ಮಹದೇವು ಮುಖ ಆಚೆಗೆ ತಿರುಗಿಸಿದ.

“ಏನಪ್ಪ ಪುಟ್ಟಸ್ವಾಮಿ, ಬೆಳಕು ಬಿದ್ರೆ ಮಿಲ್ಟ್ರಿಯೋರು ಒಂದ್ಕಣ್ ಮುಚ್ಕೊತಾರಾ?”

ಪುಟ್ಟಸ್ವಾಮಿ ಆಕಾಶ ನೋಡಿದ, ನೆಲ ನೋಡಿದ. “ನಮ್ಗೆಲ್ಲಿ ಗೊತ್ತಾಯ್ತದೆ ಸ್ವಾಮಿ? ನಾವು ಪೆಟ್ರೋಮ್ಯಾಕ್ಸಿನೋರು. ದೀಪ ಅಚ್ಚೋದಷ್ಟೇ ನಮ್ ಕೆಲ್ಸ. ಕೆಳಗಿರೋರು ಕಣ್ ಮುಚ್ಕೊತಾರೋ ಬಾಯ್ ಮುಚ್ಕೊತಾರೋ, ನಾವ್ ಕಂಡಿಲ್ಲ.”

“ಕೇಳುದ್ರಾ?” ಅಂದ ನಾಗರಾಜು.

“ನೋಡಣ್ಣ, ನಿಂಗೊತ್ತದೆ,” ಯಶೋದಮ್ಮ ಪುಟ್ಟಸ್ವಾಮಿಯ ದಾರಿಗೆ ಅಡ್ಡ ನಿಂತಳು. “ನಿನ್ ಮಕ್ಳು ಮರಿ ನೆನಸ್ಕಂಡು ಯೋಳು.”

“ಗೊತ್ತದೆ ಕಣಮ್ಮ, ಇಲ್ಲ ಅನ್ನಲ್ಲ.” ಪುಟ್ಟಸ್ವಾಮಿ ದನಿ ತಗ್ಗಿಸಿ ಮಹದೇವುವಿನ ಕಿವಿಯ ಹತ್ತಿರ ಹೋದ. “ಯೋಳ್ತೀನಿ ಕುಂಟ. ಮೊದ್ಲು ನೀನು ಯೋಳು, ಇಷ್ಟ್ ಜನ್ರ ಎದುರ್ಗೆ. ಅವತ್ತು ಪುಟ್ಟಸ್ವಾಮಿ ಕೈ ನಡುಗ್ನಿಲ್ಲ, ಬೆಳಕು ಕೇಳಿದ್ ಜಾಗಕ್ಕೇ ಬಂತು ಅಂತ. ನೀನಂದ್ರೆ ನಾನಂತೀನಿ.”

“ಸುಳ್ ಯೋಳ್ಲಾ?”

“ದಿಟ ಯೋಳು ಅಂತಿವ್ನಿ.”

“ನನ್ ಸೊಂಟ ಯೋಳ್ತದೆ ಕಣ್ಲಾ ದಿಟವ. ನಡಿಯಾಚೆ!”

ಮಂಟಪದ ಬಾಗಿಲಿನಲ್ಲಿ ವೀಣ ಬಂದು ನಿಂತಳು. ಆರತಕ್ಷತೆಯ ಸೀರೆ, ಹಣೆಗೆ ಬಾಸಿಂಗದಷ್ಟೇ ಅಗಲದ ಬೈತಲೆಬೊಟ್ಟು. ಅಳುತ್ತಿದ್ದಳೋ ಅಂದರೆ ಅದೂ ಇಲ್ಲ, ಮುಖ ಕೆಂಡವಾಗಿತ್ತು.

“ಮಾವ, ನಿಮ್ಮಿಬ್ರ ಯುದ್ಧ ಮುಗುದು ಯಾವ್ ಕಾಲ ಆಯ್ತು? ಅದುನ್ನ ನನ್ ಮದ್ವೆಗೆ ಯಾಕ್ ತಂದ್ರಿ? ಆ ಬೆಟ್ಟುದ್ ಮೇಲೇ ಮುಗಿಸ್ಕೊಂಡ್ ಬರಕ್ಕಾಗ್ನಿಲ್ವಾ?”

ಚಿಕ್ಕವಳಾಗಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಒಂದು ಕಾಲಿನಲ್ಲಿ ಕುಂಟುತ್ತಲೇ ‘ಕಬಡ್ಡಿ ಕಬಡ್ಡಿ’ ಅನ್ನುತ್ತಾ ಹಿತ್ತಲು ಸುತ್ತಿಸಿದ್ದವನು ಮಹದೇವು. ಗುಂಡಿಗೆ ಬಗ್ಗದವನು ಈ ಮಾತಿಗೆ ಅರ್ಧ ಬಗ್ಗಿದ. ನಾಳೆ ಈ ಹುಡುಗಿ ಧಾರೆಯಿಲ್ಲದೆ ಮನೆಗೆ ಹೋದರೆ ತಪ್ಪು ಗಾಳಿಯದ್ದೂ ಅಲ್ಲ, ಪುಟ್ಟಸ್ವಾಮಿಯದ್ದೂ ಅಲ್ಲ. ಅವನು ಕೈ ಮುಗಿದ. ಕೆಮ್ಮಿದ, ಮತ್ತೆ ಕೈ ಮುಗಿದ. ಮುಖ ನಾಗರಾಜುವಿನ ಕಡೆಗಿತ್ತು, ಮಾತು ಪುಟ್ಟಸ್ವಾಮಿಗೆ.

“ಅವತ್ತು ರಾತ್ರಿ… ಈ ಪುಟ್ಟಸ್ವಾಮಿ ಬುಟ್ಟ ಬೆಳಕು…”

ಮುಂದಿನ ಮಾತು ಬರಲಿಲ್ಲ. ತಲೆಯ ಮೇಲೆ ಸುಯ್ಯೆಂದಿತು, ಢಪ್ಪೆಂದಿತು, ಬಯಲೆಲ್ಲ ಬೆಳ್ಳಗಾಯಿತು.

ಹಚ್ಚಿದವಳು ಯಶೋದಮ್ಮ. ಗಂಡಸರ ಮಾತು ಕೇಳಿ ಕೇಳಿ ಸಾಕಾಗಿ, ದೇವರ ಮುಂದಿನ ಊದುಬತ್ತಿಯೊಂದನ್ನು ಕಿತ್ತುಕೊಂಡು ಹೋಗಿ, ಗೋಣಿಚೀಲದಲ್ಲಿ ಉಳಿದಿದ್ದ ಬಾಣವನ್ನು ಎಳೆದು, ಇಟ್ಟಿಗೆಗೆ ಒರಗಿಸಿ ಕಿಡಿ ಮುಟ್ಟಿಸಿಬಿಟ್ಟಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಗಿದಳು:

“ನೋಡ್ಕಳಿ ಈಗ! ಕಣ್ಣಿದ್ದೋರೆಲ್ಲಾ ನೋಡ್ಕಳಿ! ಇವಾಗ ಯಾರ್ಗೆ ಕಣ್ ಒಡೀತವ್ರೆ ಯೋಳಿ!”

ಎಲ್ಲರೂ ನೋಡಿದರು. ಮಹದೇವು ಕೈ ಮುಗಿದದ್ದು ಮುಗಿದ ಹಾಗೇ, ಬಾಯಿ ತೆರೆದದ್ದು ತೆರೆದ ಹಾಗೇ ಕಲ್ಲಾಗಿ ನಿಂತಿದ್ದ. ಎಡಗಣ್ಣು ಬಿಗಿಯಾಗಿ ಮುಚ್ಚಿತ್ತು. ಬಲಗಣ್ಣು ನೆಟ್ಟಿದ್ದದ್ದು ನಾಗರಾಜುವಿನ ಮೀಸೆಯ ಮೇಲೆ. ನಾಗರಾಜು ಎಡಕ್ಕೆ ಸರಿದ, ಬಲಕ್ಕೆ ಸರಿದ. ಕಣ್ಣು ಹಿಂಬಾಲಿಸಲಿಲ್ಲ. ಅವನು ಹತ್ತಿರ ಹೋಗಿ ಆ ಮುಖದ ಮುಂದೆ ಕೈ ಬೀಸಿದ. ರೆಪ್ಪೆ ಕೂಡ ಅಲುಗಲಿಲ್ಲ. ಆದರೆ ಹಣೆಯಿಂದ ಬೆವರು ಮಾತ್ರ ದಳದಳ ಇಳಿದು ಅಂಗಿಯ ಕೊರಳಪಟ್ಟಿ ತೋಯಿಸುತ್ತಿತ್ತು. ನಗಬೇಕೆಂದು ಬಾಯಿ ತೆರೆದಿದ್ದವರು ಆ ಬೆವರು ನೋಡಿ ಬಾಯಿ ಮುಚ್ಚಿದರು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಕಿರುಚಾಟ ಶುರುವಾಯಿತು. ಬೆಳಕು ಬಿದ್ದ ಕೂಡಲೇ ಎಲ್ಲರೂ ಮಹದೇವುವನ್ನು ನೋಡಿದರೆ, ಪುಟ್ಟಸ್ವಾಮಿ ಒಬ್ಬನೇ ಬೆಳಕನ್ನು ನೋಡಿದ್ದ. ಅವನ ಮೈಗೂ ಅಂಟಿಕೊಂಡದ್ದೊಂದು ಇತ್ತಲ್ಲ.

“ತಗ್ಗಲ್ಲಿ ಒಡೆದ್ಬುಡ್ತು! ನೆಲ ಮುಟ್ಟೋತನ್ಕ ಆರಲ್ಲ ಅದು! ಗಾಳಿ ಎಡೀಕೆ ತಳ್ತಾ ಅದೆ! ಎಡೀಕೆ, ಎಡೀಕೆ! ಅಡುಗೆ ಚಪ್ಪರುದ್ ಮ್ಯಾಲೆ ಬೀಳ್ತದೆ ಕಣ್ರಲಾ!”

ಅಡುಗೆಯವರ ಚಪ್ಪರಕ್ಕೆ ಹೊದೆಸಿದ್ದದ್ದು ಒಣ ತೆಂಗಿನ ಗರಿ. ಅದರ ಕೆಳಗೆ ಎರಡು ಊರಿಗಾಗುವಷ್ಟು ಎಣ್ಣೆಯ ಬಾಣಲೆ. ಪುಟ್ಟಸ್ವಾಮಿ ಪಂಚೆ ಎತ್ತಿಕಟ್ಟಿ ಓಡಿದ. ಬಾಣದ ದೊಂದಿ ಬಯಲಿನ ನಡುವೆ ಒಡೆದದ್ದು, ಯಾರೋ ಕೈ ಹಿಡಿದು ಕರೆದುಕೊಂಡು ಹೋದ ಹಾಗೆ ಗಾಳಿಯಲ್ಲಿ ತೇಲುತ್ತಾ, ಕುರ್ಚಿಗಳ ಸಾಲು ದಾಟಿ, ಓಲಗದವರ ತಲೆ ದಾಟಿ, ನೆಟ್ಟಗೆ ಹೋಗಿ ಚಪ್ಪರದ ಮೇಲೆ ಕೂತಿತು. ಗರಿ ಹೊತ್ತಿಕೊಂಡಿತು. ಪುಟ್ಟಸ್ವಾಮಿ ಮಜ್ಜಿಗೆಯ ಹಂಡೆಯನ್ನೇ ಎತ್ತಿ ಸುರಿದ. ಅಡುಗೆಯವರು ಬಿಂದಿಗೆ ಬಿಂದಿಗೆ ನೀರು ಎರಚಿದರು. ಬೆಂಕಿ ಆರಿದಾಗ ಪುಟ್ಟಸ್ವಾಮಿ ಅಡಿಯಿಂದ ಮುಡಿಯ ತನಕ ಮಜ್ಜಿಗೆ, ಮೀಸೆಯಲ್ಲಿ ಒಗ್ಗರಣೆಯ ಕರಿಬೇವು.

ಬೆಳಕು ಆರಿತು. ಮಹದೇವು ಕೈ ಇಳಿಸಿ, ಒಂದು ಸಲ ತೂಕಡಿಸಿದವನ ಹಾಗೆ ಓಲಾಡಿದ. ಈ ಸಲ ಅವನನ್ನು ಹಿಡಿದುಕೊಂಡವನು ನಾಗರಾಜು.

“ಕೂತ್ಕಳಿ,” ಅಂದ ನಾಗರಾಜು. ಮೀಸೆ ತುಸು ಇಳಿದಿತ್ತು. “ನಂಗೂ ಕಣ್ ಒಡೆದ್ರಲ್ಲ, ಇನ್ನೇನ್ ಯೋಳ್ಲಿ. ನಾಳೀಕೆ ನಾನು ಧಾರೆಗೆ ಇರ್ತೀನಿ ಕಣವ್ವ ವೀಣ, ಒಳೀಕ್ ಓಗು.” ಗಂಡಿನ ತಾಯಿ ಬೆಳ್ಳಿ ತಟ್ಟೆಗಳನ್ನು ಚೀಲದಿಂದ ತೆಗೆದು ಮತ್ತೆ ಜೋಡಿಸತೊಡಗಿದಳು, ಎತ್ತಿಟ್ಟದ್ದೇ ಇಲ್ಲವೆಂಬ ಮುಖದಲ್ಲಿ.

ಸಮಾಧಾನವಾಗದೆ ಉಳಿದವಳು ಕುಸುಮ ಒಬ್ಬಳೇ. ಅವಳು ಯಶೋದಮ್ಮನ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟಳು.

“ಅಂಗಾದ್ರೆ ನಿನ್ ಗಂಡ ನನ್ನ ನೋಡೇ ಇರ್ನಿಲ್ವಾ?”

“ಇಲ್ಲ ಕಣಕ್ಕ. ಅಲ್ಲಿ ಒಂದು ಬಂಡೆ ಇದ್ದಿದ್ರೂ ಅಂಗೇ ನಿಂತಿರೋರು.”

“ಬಂಡೆಯಾ! ನಾನು ಬಂಡೆಯಾ? ಈ ಸೀರೆ ಉಟ್ಕಂಡೂ?” ಕುಸುಮ ಕಣ್ಣು ಹೊಡೆಸಿಕೊಂಡಾಗ ಕೂಗಿದ್ದಕ್ಕಿಂತ ಜೋರಾಗಿ ಕೂಗಿ ಒಳಗೆ ಹೋದಳು. ಅವಳು ಮಹದೇವುವನ್ನು ಇಂದಿಗೂ ಕ್ಷಮಿಸಿಲ್ಲ.

ಪುಟ್ಟಸ್ವಾಮಿ ಮಜ್ಜಿಗೆ ಹಿಂಡಿಕೊಳ್ಳುತ್ತಾ ಬಂದು ಮಹದೇವುವಿನ ಕುರ್ಚಿಯ ಮುಂದೆ ನಿಂತ. ಏದುಸಿರು ಬಿಡುತ್ತಿದ್ದ.

“ನೋಡುದ್ಯೇನ್ಲಾ ಗಾಳಿಯ? ಎಲ್ಲೊಡೀತು, ಎಲ್ಲೋಗ್ ಬಿತ್ತು? ಅದುನ್ನ ಅಚ್ಚಿದ್ದು ನಾನಲ್ಲ, ನಿನ್ ಯೆಂಡ್ತಿ. ಅವ್ಳ ಕೈಯೂ ನಡುಗಿತ್ತಾ?”

ಮಹದೇವು ಚಪ್ಪರದ ಸುಟ್ಟ ಮೂಲೆಯನ್ನು ನೋಡಿದ. ಕಲ್ಲಾಗಿ ನಿಂತಿದ್ದಷ್ಟು ಹೊತ್ತೂ ಆ ಬೆಳಕು ತನ್ನ ತಲೆಯ ಮೇಲಿಂದ ಜಾರುತ್ತಾ ಹೋದದ್ದು ಅವನಿಗೆ ತಿಳಿದಿತ್ತು. ನೆಲದ ಮೇಲಿನ ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿ ಉದ್ದವಾದದ್ದೂ ಕಂಡಿತ್ತು. ಆ ಬೆಟ್ಟದ ಮೇಲೂ ನೆರಳು ಹಾಗೇ ತಿರುಗಿತ್ತು. ಇಷ್ಟು ವರ್ಷ ಅದನ್ನು ಅವನು ಲೆಕ್ಕಕ್ಕೇ ತಗೊಂಡಿರಲಿಲ್ಲ.

“ನೋಡ್ದೆ,” ಅಂದ. “ಒಂದ್ ಕಣ್ಣಲ್ಲಿ ತಾನೆ ನೋಡಿದ್ದು? ಅದ್ಕೆ ಅರ್ಧ ನಂಬ್ತೀನಿ.”

“ಇನ್ನರ್ಧ?”

“ಗಾಳಿ ಅದೆ ಅಂತ ಗೊತ್ತಿದ್ ಮ್ಯಾಲೆ ಎರಡ್ನೇದುನ್ನಾರ ಸರ್ಯಾಗ್ ಬುಡ್ಬೇಕಾಗಿತ್ತು ಕಣ್ಲಾ. ಒಂದಾದ್ ಮ್ಯಾಲೆ ಒಂದು ಬುಡ್ತಾನೇ ಇದ್ಯಲ್ಲ, ಅಲ್ಲೇನ್ ಮದ್ವೆ ಮೆರವಣಿಗೆ ಓಗ್ತಿತ್ತಾ?”

ಪುಟ್ಟಸ್ವಾಮಿ ಮೀಸೆಯ ಕರಿಬೇವನ್ನು ಕಿತ್ತು ಮಹದೇವುವಿನ ಕಾಲ ಬುಡಕ್ಕೆ ಎಸೆದು, ಒಗೆದ ಪಂಚೆ ಹುಡುಕಿಕೊಂಡು ಹೊರಟುಹೋದ.

ಬೆಳಿಗ್ಗೆ ಧಾರೆಯಾಯಿತು. ನಾಗರಾಜು ಸೋದರಮಾವನ ಜಾಗದಲ್ಲಿ ನಿಂತ. ವೀಣ ತಲೆ ತಗ್ಗಿಸಿದವಳು ಒಮ್ಮೆ ಎತ್ತಿ ಮಾವನನ್ನು ನೋಡಿದಳು. ಮಹದೇವು ಎರಡೂ ಕಣ್ಣು ಬಿಟ್ಟುಕೊಂಡು ಅಕ್ಷತೆ ಹಾಕಿದ. ಊಟಕ್ಕೆ ಕೂತಾಗ ಬಡಿಸುವವರು ಅರಿಯದೆ ಇಬ್ಬರು ಮಾಜಿ ಸೈನಿಕರನ್ನೂ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರಿಸಿಬಿಟ್ಟರು. ಇಬ್ಬರೂ ಏಳಲಿಲ್ಲ. ಮೊದಲು ಎದ್ದವನು ಸೋತ ಹಾಗೆ ಅಂತ ಇಬ್ಬರಿಗೂ ಅನಿಸಿತ್ತು. ಎಲೆ ಬರಿದಾಯಿತು, ಪಂಕ್ತಿಯವರೆಲ್ಲ ಎದ್ದು ಹೋದರು, ಎಂಜಲೆಲೆ ಬಾಚುವವರು ಬಂದು ನಿಂತರು. ಇಬ್ಬರೂ ಒಬ್ಬರ ಕಡೆ ಒಬ್ಬರು ನೋಡದೆ, ಇನ್ನೊಂದಿಷ್ಟು ಅನ್ನ ಹಾಕಿ ಅಂತ ಕೇಳುತ್ತಾ ಕೂತೇ ಇದ್ದರು.